ಹದಿನೈದು ತಿಂಗಳ ಮುಧೋಳ ನಾಯಿ: ಮರಿ ಮಾಡಿಸಿ ಮಾರಲು ಪರವಾನಗಿ ಬೇಕೇ? ಎಷ್ಟು ದಿನದ ಮರಿ ಕೊಡಬಹುದು?

ಪ್ರಶ್ನೆ: ತೋಟದಮನೆ, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಘಟಪ್ರಭೆಯ ದಂಡೆಯ ಊರು. ಕಬ್ಬಿನ ಹೊಲ, ನಾಲ್ಕು ಎಮ್ಮೆ, ಮತ್ತು ಬಿಜಲಿ ಎಂಬ ಮುಧೋಳ ಹೆಣ್ಣುನಾಯಿ. ಅದಕ್ಕೆ ಈಗ ಹದಿನೈದು ತಿಂಗಳು. ಕಂದು ಮೈ, ಎದೆಯ ಮೇಲೆ ಬಿಳಿ ಪಟ್ಟಿ. ರಾತ್ರಿ ಕಬ್ಬಿನೊಳಗೆ ಹಂದಿ ಹೊಕ್ಕ ಸದ್ದು ನಮಗೆ ಕೇಳಿಸುವ ಮೊದಲೇ ಅದು ಬದುವಿನ ಮೇಲೆ ನಿಂತಿರುತ್ತದೆ.

ಮೊನ್ನೆಯಿಂದ ಎರಡನೆಯ ಬಾರಿ ಬೆದೆಗೆ ಬಂದಿದೆ. ಪಕ್ಕದ ತೋಟದ ಕಾಕಾ ಅವರ ಬಳಿ ಒಳ್ಳೆಯ ಗಂಡುನಾಯಿ ಇದೆ. "ಈ ಸಲ ಕೂಡಿಸೋಣ, ಹುಟ್ಟುವ ಮರಿಗಳಲ್ಲಿ ಎರಡು ನನಗೆ, ಉಳಿದದ್ದು ನಿನಗೆ" ಎನ್ನುತ್ತಿದ್ದಾರೆ. ಅವರ ನಾಯಿಯೂ ಬಿಜಲಿಯೂ ಒಂದೇ ತಾಯಿಯ ಮರಿಗಳು, ಸೂಲು ಮಾತ್ರ ಬೇರೆ. ಹಾಗಿದ್ದರೆ ಜಾತಿ ಇನ್ನೂ ಶುದ್ಧವಾಗಿ ಉಳಿಯುತ್ತದೆ ಎಂಬುದು ಕಾಕಾ ಅವರ ವಾದ.

ಇದಕ್ಕಿಂತ ದೊಡ್ಡ ಒತ್ತಡ ಫೋನಿನದು. 2020ರಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ನಮ್ಮ ಭಾಗದ ಮರಿಗಳಿಗೆ ಎಲ್ಲೆಲ್ಲಿಂದಲೋ ಕರೆ ಬರುತ್ತದೆ. ಕೊಲ್ಹಾಪುರದವರೊಬ್ಬರು, ಹುಬ್ಬಳ್ಳಿಯವರೊಬ್ಬರು ಈಗಲೇ ಮುಂಗಡ ಹಾಕುತ್ತೇವೆ ಎನ್ನುತ್ತಾರೆ. ಇಬ್ಬರದೂ ಒಂದೇ ಷರತ್ತು: ಮರಿ ಮೂವತ್ತು ದಿನದೊಳಗೆ ಕೈಗೆ ಬರಬೇಕು, ಚಿಕ್ಕದಿದ್ದಾಗ ತಂದರೆ ಮನೆಗೆ ಬೇಗ ಹೊಂದಿಕೊಳ್ಳುತ್ತದೆಯಂತೆ. ರಟ್ಟಿನ ಪೆಟ್ಟಿಗೆಗೆ ತೂತು ಹೊಡೆದು ರಾತ್ರಿ ಬಸ್ಸಿಗೆ ಹಾಕಿ ಕಳಿಸಿ ಎಂದು ಕೊಲ್ಹಾಪುರದವರು ಹೇಳಿದಾಗ ನನಗೆ ಸರಿ ಕಾಣಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮಾವನವರ ಕಾಲದಲ್ಲಿ ಈ ಮನೆಯಿಂದ ನಾಯಿಮರಿ ಮಾರಿದ್ದಿಲ್ಲ. ಬೀಗರು, ನೆಂಟರು ಮೊದಲೇ ಹೇಳಿಟ್ಟು ಒಯ್ಯುತ್ತಿದ್ದರು; ಹೋದ ಮನೆಯಲ್ಲಿ ಮರಿ ಹೇಗಿದೆ ಎಂದು ಮಾವನವರು ಸಂತೆಗೆ ಹೋದಾಗ ವಿಚಾರಿಸಿ ಬರುತ್ತಿದ್ದರು. ಅತ್ತೆಯವರು ಈಗಲೂ ಮಾರುವುದು ಬೇಡ ಎನ್ನುತ್ತಾರೆ. ಯಜಮಾನರಿಗೆ ಕಬ್ಬಿನ ಬಿಲ್ಲು ಬರುವವರೆಗೆ ಕೈಗೆ ನಾಲ್ಕು ಕಾಸು ಸಿಕ್ಕೀತು ಎಂಬ ಆಸೆ. ತಪ್ಪಲ್ಲ ಅದು.

ಮನೆಯಲ್ಲೇ ಒಂದು ಸೂಲು ಮರಿ ಮಾಡಿಸಿ ಮಾರಲೂ ಸರಕಾರದ ಪರವಾನಗಿ ಬೇಕೇ? ಎಷ್ಟು ದಿನದ ಮರಿಯನ್ನು ಕೊಡಬಹುದು? ಬಿಜಲಿಗೆ ಇದು ಸರಿಯಾದ ವಯಸ್ಸೇ? ಇನ್ನೊಂದು ವಿಷಯ: ಕಣಕಿ ಬಣವೆಯಲ್ಲಿ ಬೆಕ್ಕು ನಾಲ್ಕು ಮರಿ ಹಾಕಿದೆ, ಅವಕ್ಕೂ ಗಿರಾಕಿ ಬಂದಿದ್ದಾರೆ. ಬೆಕ್ಕಿಗೂ ಇದೇ ನಿಯಮವೇ?

ಉತ್ತರ: ನಿವೃತ್ತ ಪಶುವೈದ್ಯ, ಬಾಗಲಕೋಟೆ

ತಂಗಿ, ಮೊದಲು ತುರ್ತಿನ ಮಾತು. ಈ ಬೆದೆಯಲ್ಲಿ ಕೂಡಿಸಬೇಡಿ. ಹದಿನೈದು ತಿಂಗಳಿಗೆ ನಾಯಿ ಎತ್ತರಕ್ಕೆ ಬೆಳೆದಿರುತ್ತದೆ, ಒಳಗೆ ಇನ್ನೂ ತುಂಬಿರುವುದಿಲ್ಲ. ನಿಯಮದಲ್ಲೂ ಹೆಣ್ಣುನಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು. ಸುಮಾರು ಆರು ತಿಂಗಳಿಗೆ ಮತ್ತೆ ಬೆದೆ ಬರುತ್ತದೆ, ಆಗ ಯೋಚಿಸಿದರೆ ನಷ್ಟವೇನಿಲ್ಲ.

ಬೇಡ ಎಂದರೆ ಸಾಲದು, ಕಾಯಬೇಕು. ನಮ್ಮ ಕಡೆ ಮೋಸ ಹೋಗುವುದು ಇಲ್ಲಿಯೇ. ಮೊದಲ ವಾರ ರಕ್ತ ಕಾಣುತ್ತದೆ, ಎಲ್ಲರೂ ಎಚ್ಚರವಾಗಿರುತ್ತಾರೆ. ಎರಡನೆಯ ವಾರ ರಕ್ತ ತಿಳಿಯಾಗುತ್ತಿದ್ದಂತೆ "ಮುಗಿಯಿತು" ಎಂದು ಸರಪಳಿ ಬಿಚ್ಚುತ್ತಾರೆ. ಹೆಣ್ಣುನಾಯಿ ಗಂಡನ್ನು ಒಪ್ಪಿಕೊಳ್ಳುವುದು ಸರಿಯಾಗಿ ಆಗಲೇ. ಪೂರ್ತಿ ಮೂರು ವಾರ ಬಾಗಿಲಿರುವ ಕೋಣೆಯಲ್ಲಿಡಿ, ಹೊರಗೆ ಒಯ್ಯುವಾಗ ಹಗ್ಗ ಕೈಯಲ್ಲೇ ಇರಲಿ. ಒಂದೇ ಸೂಲಿನಲ್ಲಿ ಎರಡು ಗಂಡುಗಳ ಮರಿ ಹುಟ್ಟುವುದೂ ಉಂಟು. ಒಮ್ಮೆ ಕೂಡಿತೆಂದು ಆಮೇಲೆ ಬಿಟ್ಟರೂ ಕೆಟ್ಟಿತು.

ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಅವರ ವಾದ ತಪ್ಪು. ತಾಯಿ ಒಂದೇ ಆದರೆ ಅವು ಅಣ್ಣ ತಂಗಿ. ಹತ್ತಿರದ ರಕ್ತ ಕೂಡಿದರೆ ಶುದ್ಧಿ ಹೆಚ್ಚುವುದಿಲ್ಲ, ಎರಡರಲ್ಲೂ ಅಡಗಿರುವ ದೋಷ ಒಟ್ಟಿಗೆ ಮರಿಗೆ ಬರುವ ಸಂಭವ ಹೆಚ್ಚುತ್ತದೆ. ಸತ್ತ ಮರಿ, ಸಣ್ಣ ಸೂಲು, ನಿಶ್ಶಕ್ತಿ ಎಲ್ಲವೂ ಹೀಗೆ ಬರುತ್ತವೆ. ಮುಧೋಳ ತಳಿಯ ಮೇಲೆ ನನಗೆ ಪ್ರಾಣ. ಘೋರ್ಪಡೆ ಅರಸರಾದ ಮಾಲೋಜಿರಾವ್ ಅವರು ಅಕ್ಕರೆಯಿಂದ ಉಳಿಸಿ ಬೆಳೆಸಿದ ತಳಿ ಇದು; 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಮೀರಠ್‌ನ ಸೇನಾ ಕೇಂದ್ರಕ್ಕೂ ತರಬೇತಿಗೆ ಹೋಯಿತು. ಇಂಥ ತಳಿ ಒಂದೇ ಊರಿನೊಳಗೆ, ಒಂದೇ ಮನೆತನದ ನಾಯಿಗಳೊಳಗೆ ಸುತ್ತಿದರೆ ಕುಗ್ಗಿ ಹೋಗುತ್ತದೆ. ನಿಮ್ಮ ಹತ್ತಿರವೇ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ರಕ್ತಸಂಬಂಧ ಇಲ್ಲದ ಗಂಡುನಾಯಿ ಯಾವುದು ಎಂದು ಅಲ್ಲಿಯೇ ಕೇಳಿ.

ಮುಂದಿನ ಬೆದೆಗೆ ಮೊದಲು ವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ. ಲಸಿಕೆ ಮುಗಿದಿರಬೇಕು, ಜಂತಿನ ಔಷಧಿ ಆಗಿರಬೇಕು, ಗಂಡು ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ಪರೀಕ್ಷೆ ಆಗಬೇಕು. ಈ ರೋಗ ಗರ್ಭ ಕಳೆಯುತ್ತದೆ, ಮನುಷ್ಯರಿಗೂ ತಗಲುತ್ತದೆ. ಗಬ್ಬದ ಅವಧಿ ಸುಮಾರು ಅರವತ್ತಮೂರು ದಿನ. ಜೋಳದ ನುಚ್ಚು ಮಜ್ಜಿಗೆಯ ಮೇಲೆ ಗಬ್ಬದ ನಾಯಿಯನ್ನು ದೂಡಬೇಡಿ. ಆರನೆಯ ವಾರದಿಂದ ಮೊಟ್ಟೆ, ಬೇಳೆ, ಮಾಂಸ ಹೆಚ್ಚಿಸಿ. ಕ್ಯಾಲ್ಸಿಯಂ ಗುಳಿಗೆ ಮಾತ್ರ ನೀವಾಗಿ ಹಾಕಬೇಡಿ. ಗಬ್ಬದಲ್ಲಿ ಅತಿಯಾಗಿ ಕೊಟ್ಟರೆ ಹಾಲೂಡುವಾಗ ಮೈ ನಡುಗಿ ಬೀಳುವ ಅಪಾಯ ಹೆಚ್ಚುತ್ತದೆ.

ಈಯುವ ಹೊತ್ತಿಗೆ ಮನೆಯಲ್ಲಿ ಥರ್ಮಾಮೀಟರ್ ಇರಲಿ. ಗುದದ ಉಷ್ಣತೆ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ ಬಹುತೇಕ ಒಂದು ದಿನದೊಳಗೆ ನೋವು ಶುರು. ಅರ್ಧ ಗಂಟೆ ಜೋರಾಗಿ ಮುಕ್ಕಿಯೂ ಮರಿ ಬರದಿದ್ದರೆ, ಮೊದಲ ಮರಿಗೆ ಮುಂಚೆಯೇ ಹಸಿರು ದ್ರವ ಕಂಡರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಸುಮ್ಮನಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಯಾರು, ಅಲ್ಲಿಗೆ ಒಯ್ಯುವ ಗಾಡಿ ಯಾರದು, ಇದು ನಾಯಿ ಕೂಡುವ ಮೊದಲೇ ಗೊತ್ತಿರಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ತಳಿಗೆ ಕೆಲವು ಅರಿವಳಿಕೆ ಔಷಧಿಗಳ ಅಮಲು ಬೇಗ ಇಳಿಯುವುದಿಲ್ಲ; ಮುಧೋಳ ನಾಯಿ ಎಂದು ವೈದ್ಯರಿಗೆ ಮೊದಲೇ ಹೇಳಿ.

ಹುಟ್ಟಿದ ಮರಿ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲಾರದು. ಮೊದಲ ವಾರ ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಲದ ಮನೆಯ ಡಿಸೆಂಬರ್ ಚಳಿಯಲ್ಲಿ ಗೋಣಿಚೀಲ ಸಾಲುವುದಿಲ್ಲ. ಗಿಣ್ಣದ ಹಾಲು ಮೊದಲ ಕೆಲವು ಗಂಟೆಯಲ್ಲೇ ಎಲ್ಲ ಮರಿಗಳ ಹೊಟ್ಟೆಗೂ ಇಳಿಯಬೇಕು. ಹಿಂದೆ ಉಳಿಯುವ ಸಣ್ಣ ಮರಿಯನ್ನು ಕೈಯಾರೆ ಹಿಡಿದು ಮೊಲೆಗೆ ಹಚ್ಚಿ. ಒಂದೊಂದಕ್ಕೂ ಬೇರೆ ಬಣ್ಣದ ಉಣ್ಣೆಯ ದಾರ ಸಡಿಲವಾಗಿ ಕಟ್ಟಿ, ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹತ್ತು ದಿನದ ಸುಮಾರಿಗೆ ಹುಟ್ಟಿದಾಗಿನ ತೂಕ ಎರಡು ಪಟ್ಟಾಗಬೇಕು. ತೂಕ ನಿಂತ ಮರಿ ಕಾಯಿಲೆ ಬಿದ್ದಂತೆ ಕಾಣುವುದು ಮಾರನೆಯ ದಿನ. ತಕ್ಕಡಿ ಒಂದು ದಿನ ಮೊದಲೇ ಹೇಳುತ್ತದೆ.

ಈಗ ಆ ಮೂವತ್ತು ದಿನದ ಮಾತು. ಇದೊಂದು ವಿಷಯದಲ್ಲಿ ನನಗೆ ಸಿಟ್ಟಿದೆ, ಬಚ್ಚಿಡುವುದಿಲ್ಲ. ಮೂವತ್ತು ದಿನದ ಮರಿ ಎರಡು ವಾರದ ಹಿಂದಷ್ಟೇ ಕಣ್ಣು ಬಿಟ್ಟಿರುತ್ತದೆ. ಹಾಲುಹಲ್ಲು ಪೂರ್ತಿ ಬಂದಿರುವುದಿಲ್ಲ. ಅದರ ಮೈಯಲ್ಲಿರುವುದು ತಾಯಿಯ ಗಿಣ್ಣದಿಂದ ಬಂದ ರಕ್ಷಣೆ ಮಾತ್ರ, ಅದೂ ದಿನದಿನಕ್ಕೆ ಕರಗುತ್ತಿರುತ್ತದೆ. ಲಸಿಕೆ ಶುರುವಾಗುವುದು ಆರರಿಂದ ಎಂಟು ವಾರಕ್ಕೆ. ಅಂಥ ಮರಿಯನ್ನು ಪೆಟ್ಟಿಗೆಯಲ್ಲಿ ತುಂಬಿ ರಾತ್ರಿಯೆಲ್ಲ ಕುಲುಕಿಸಿ, ನೀರಿಲ್ಲದೆ, ಗಾಬರಿಯಲ್ಲಿ ಇನ್ನೊಂದು ಊರಿಗೆ ಇಳಿಸುತ್ತಾರೆ. ವಾರದೊಳಗೆ ವಾಂತಿ, ರಕ್ತದ ಭೇದಿ. ಅದು ಪಾರ್ವೊ ಎಂಬ ವೈರಸ್ ರೋಗ. ಆಸ್ಪತ್ರೆಯ ಮೇಜಿನ ಮೇಲೆ ಅಂಥ ಮರಿಗಳನ್ನು ಇಟ್ಟುಕೊಂಡು ಸಲೈನ್ ಹಚ್ಚಲು ನರ ಹುಡುಕಿದವನು ನಾನು. ತಂದವರ ಮನೆಯ ಮಕ್ಕಳು ಬಾಗಿಲಲ್ಲಿ ನಿಂತಿರುತ್ತಾರೆ. ಮರಿ ಸತ್ತ ಮೇಲೂ ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿ ಮುಂದೆ ಬರುವ ಮರಿಗೂ ಕಾದಿರುತ್ತದೆ.

ಬೇಗ ತಂದರೆ ಹೊಂದಿಕೊಳ್ಳುತ್ತದೆ ಎಂಬುದೂ ತಿರುವುಮುರುವು. ಐದರಿಂದ ಎಂಟನೆಯ ವಾರದ ತನಕ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ, ಜೋರಾದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿ ಗುರ್ ಎಂದು ತಡೆಯುತ್ತದೆ. ಎಷ್ಟು ಕಚ್ಚಿದರೆ ನೋವು ಎಂಬ ಪಾಠ ಅಲ್ಲಿಯೇ. ಆ ಪಾಠ ತಪ್ಪಿದ ಮುಧೋಳ ನಾಯಿ ಅಂಜುಬುರುಕಾಗಿ ಬೆಳೆಯುತ್ತದೆ, ಅಂಜಿದ ನಾಯಿ ಕಚ್ಚುತ್ತದೆ. ಎಂಟು ವಾರ ನಿಮ್ಮ ಮನೆಯಲ್ಲೇ ಇರಲಿ. ಮಿಕ್ಸಿಯ ಸದ್ದು, ಟ್ರ್ಯಾಕ್ಟರ್ ಸದ್ದು, ಮಕ್ಕಳ ಕೈ, ಹೊಸಬರ ಮುಖ ಎಲ್ಲ ಅಲ್ಲಿಯೇ ರೂಢಿಯಾಗಲಿ. ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಮರಿಗಳಿಗೂ ತಾಯಿಗೂ ಜಂತಿನ ಔಷಧಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಅದು ಕೊಂಡವರ ಪಾಲಿನ ಕೆಲಸ. ಆದರೆ ತಾರೀಖು ಬರೆದ ಕಾರ್ಡ್ ನಿಮ್ಮ ಕೈಯಿಂದಲೇ ಹೋಗಬೇಕು.

ಉತ್ತರ: ವಕೀಲ, ಬೆಳಗಾವಿ

ಡಾಕ್ಟರ್ ಸಾಹೇಬರು ಹೇಳಿದ್ದನ್ನೇ ಕಾನೂನೂ ಹೇಳುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರ ಅಡಿಯಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ 2017ರಲ್ಲಿ ನಿಯಮಗಳು ಬಂದವು. ತಳಿ ನಾಯಿಯನ್ನು ಮರಿ ಮಾಡಿಸಿ ಮಾರುವ ವ್ಯಕ್ತಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕಡ್ಡಾಯ. ದೊಡ್ಡ ಕೆನಲ್‌ಗೆ ಮಾತ್ರ, ಮನೆಗೆ ಅಲ್ಲ ಎಂದು ಅಲ್ಲಿ ವಿನಾಯಿತಿ ಇಲ್ಲ. ನಡುವೆ ನಿಂತು ಕೊಡಿಸುವ ದಲ್ಲಾಳಿಯೂ ಇದರೊಳಗೆ ಬರುತ್ತಾನೆ. ಶುಲ್ಕ ಐದು ಸಾವಿರ ರೂಪಾಯಿ, ಅವಧಿ ಎರಡು ವರ್ಷ. ಅರ್ಜಿಯ ಬಗ್ಗೆ ಜಿಲ್ಲೆಯ ಪಶುಸಂಗೋಪನಾ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.

ಅಕ್ಕನವರೇ, ಒಂದು ಗೊಂದಲ ನಮ್ಮ ಕಡೆ ಬಹಳವಿದೆ. ಕೆನಲ್ ಕ್ಲಬ್ ಕೊಡುವ ವಂಶಾವಳಿ ಪತ್ರ ಬೇರೆ, ಮಂಡಳಿಯ ನೋಂದಣಿ ಬೇರೆ. ಮೊದಲನೆಯದು ತಳಿಯ ದಾಖಲೆ, ಅದು ಮಾರುವ ಹಕ್ಕು ಕೊಡುವುದಿಲ್ಲ.

ನಿಯಮದ ಪ್ರಕಾರ ಎಂಟು ವಾರಕ್ಕಿಂತ ಕಡಿಮೆ ವಯಸ್ಸಿನ ಮರಿ ಮಾರುವಂತಿಲ್ಲ. ಮಾರುವ ಮರಿಗೆ ಮೈಕ್ರೊಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಹಾಕಿಸಿರಬೇಕು, ಲಸಿಕೆಯ ದಾಖಲೆ ಜೊತೆಗೆ ಹೋಗಬೇಕು. ಆರು ತಿಂಗಳು ದಾಟಿದ ನಾಯಿಯನ್ನು ಸಂತಾನಹರಣ ಮಾಡಿಸದೆ ಮಾರಬೇಕಾದರೆ ಕೊಳ್ಳುವವರೂ ನೋಂದಾಯಿತ ಸಾಕಣೆದಾರರಾಗಿರಬೇಕು. ಹೆಣ್ಣುನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಇಲ್ಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ, ಎಂಟು ವರ್ಷದ ನಂತರ ಒಂದೂ ಇಲ್ಲ.

ಮಾರದೆ ಬೀಗರಿಗೆ ಹಾಗೇ ಕೊಟ್ಟರೆ? ಅದು ಮಾರಾಟವಲ್ಲ. ಆದರೆ 1960ರ ಕಾಯ್ದೆಯ 11ನೇ ಕಲಂ ಎಲ್ಲರಿಗೂ ಅನ್ವಯ. ಉಪವಾಸ ಕೆಡವುವುದು, ನರಳುವ ಪ್ರಾಣಿಯನ್ನು ಮಾರಾಟಕ್ಕೆ ಇಡುವುದು, ಅನ್ನ ನೀರು ಸಿಗದ ಕಡೆ ಬಿಟ್ಟು ಬರುವುದು, ನೋವಾಗುವಂತೆ ಸಾಗಿಸುವುದು ಎಲ್ಲ ಅಪರಾಧ. ಮೊದಲ ಅಪರಾಧಕ್ಕೆ ದಂಡ ಈಗಲೂ ಹತ್ತರಿಂದ ಐವತ್ತು ರೂಪಾಯಿ. ಇದು ನಾಚಿಕೆಗೇಡು, ಬದಲಾಗಲೇಬೇಕು. ಹಾಗೆಂದು ಕಾನೂನಿಗೆ ಹಲ್ಲೇ ಇಲ್ಲ ಎಂದು ತಿಳಿಯಬೇಡಿ: ಪ್ರಾಣಿಯನ್ನು ದುರುದ್ದೇಶದಿಂದ ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಸೆರೆವಾಸವಿದೆ. ಬೇಡವಾದ ಮರಿಗಳನ್ನು ಚೀಲದಲ್ಲಿ ಕಟ್ಟಿ ಹಳ್ಳಕ್ಕೆ ಎಸೆಯುವವರು ಇದನ್ನು ತಿಳಿದಿರಲಿ.

ಬಸ್ಸಿನ ಪೆಟ್ಟಿಗೆಯ ವಿಚಾರ ನೀವು ಅನುಮಾನಿಸಿದ್ದು ಸರಿ. ನಾಯಿ ಬೆಕ್ಕುಗಳ ಸಾಗಣೆಗೆ 1978ರಿಂದಲೇ ನಿಯಮಗಳಿವೆ, ಪ್ರಯಾಣಕ್ಕೆ ಯೋಗ್ಯ ಎಂಬ ವೈದ್ಯರ ಪ್ರಮಾಣಪತ್ರ ಬೇಕು. ಕೊಳ್ಳುವವರು ತಾವೇ ಬಂದು ಒಯ್ಯಲಿ. ಮುಂಗಡ ಈಗ ತೆಗೆದುಕೊಳ್ಳಲೇಬೇಡಿ. ಹುಟ್ಟದ ಮರಿಗೆ ಹಣ ಪಡೆದರೆ ತಾರೀಖಿನ ಒತ್ತಡ ನಿಮ್ಮ ತಲೆಯ ಮೇಲೆ ಕೂರುತ್ತದೆ.

ಉತ್ತರ: ಬೆಕ್ಕಿನ ಮನೆ, ವಿಜಯಪುರ

ಬೆಕ್ಕಿನ ಪ್ರಶ್ನೆಗೆ ನಾನು ಬರೆಯುತ್ತೇನೆ. 2017ರ ನಿಯಮಗಳು ನಾಯಿಗೆ ಮಾತ್ರ. ಬೆಕ್ಕು 2018ರ ಸಾಕುಪ್ರಾಣಿ ಅಂಗಡಿ ನಿಯಮಗಳೊಳಗೆ ಬರುತ್ತದೆ. ಅಲ್ಲಿಯೂ ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ನನ್ನನ್ನು ಕೇಳಿದರೆ ಬೆಕ್ಕಿನ ಮರಿ ಹನ್ನೆರಡು ವಾರ ತಾಯಿಯ ಬಳಿ ಇರುವುದೇ ಒಳ್ಳೆಯದು. ನಮ್ಮ ಮನೆಯ ಪರ್ಷಿಯನ್ ಬೆಕ್ಕನ್ನು ಮೂರು ತಿಂಗಳಿನದು ಎಂದು ಹೇಳಿ ಮಾರಿದ್ದರು. ವೈದ್ಯರು ಬಾಯಿ ತೆರೆದು ಹಲ್ಲು ನೋಡಿ ಐದು ವಾರವೂ ತುಂಬಿಲ್ಲ ಎಂದರು. ಡ್ರಾಪರ್‌ನಲ್ಲಿ ಹಾಲುಪುಡಿ ಕುಡಿಸಿ ಬದುಕಿಸಿದೆವು. ಇಂದಿಗೂ ಅದು ಕಂಬಳಿಯ ಅಂಚನ್ನು ಬಾಯಲ್ಲಿಟ್ಟು ಚೀಪುತ್ತದೆ.

ಬಣವೆಯ ಮರಿಗಳನ್ನು ಎರಡನೆಯ ವಾರದಿಂದಲೇ ದಿನಾ ಸ್ವಲ್ಪ ಹೊತ್ತು ಕೈಗೆತ್ತಿಕೊಳ್ಳಿ. ಏಳನೆಯ ವಾರದೊಳಗೆ ಮನುಷ್ಯರ ಕೈ ಕಾಣದ ಮರಿ ಆಮೇಲೆ ಪಳಗುವುದು ಕಷ್ಟ. ಎಮ್ಮೆಯ ಹಾಲು ಹಾಕಬೇಡಿ, ಭೇದಿ ಹಿಡಿಯುತ್ತದೆ. ಇನ್ನೊಂದು ಮಾತು, ತೋಟದ ಮನೆಯವರು ಗಮನಿಸಲೇಬೇಕು: ಎಮ್ಮೆಗೆ ಉಣ್ಣಿ ಹತ್ತಿದಾಗ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಔಷಧಿ ಬೆಕ್ಕಿನ ಮೈಗೆ ತಾಗಬಾರದು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ನಡುಕ ಬಂದು ಸಾಯುತ್ತದೆ. ಜ್ವರದ ಪ್ಯಾರಾಸಿಟಮಾಲ್ ಗುಳಿಗೆಯೂ ಬೆಕ್ಕಿಗೆ ವಿಷ.

ತಾಯಿಬೆಕ್ಕಿನ ಸಂತಾನಹರಣ ಮಾಡಿಸಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲದು, ಮರಿಗಳಲ್ಲಿ ಹೆಣ್ಣು ನಾಲ್ಕೈದು ತಿಂಗಳಿಗೇ ಗಬ್ಬ ಧರಿಸುತ್ತದೆ. ಊರಬೆಕ್ಕಿನ ಮರಿಯನ್ನು ದುಡ್ಡು ಕೊಟ್ಟು ಒಯ್ಯುವವರಿಗಿಂತ, ಲಸಿಕೆ ಹಾಕಿಸುತ್ತೇನೆ, ಆರು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತೇನೆ ಎಂದು ಮಾತು ಕೊಡುವ ಮನೆ ಹುಡುಕಿ. ವಿಜಯಪುರದ ಗಿರಾಕಿಗಳಿದ್ದರೆ ನನಗೆ ತಿಳಿಸಿ, ಮನೆ ನೋಡಿ ಬರುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಶರಣು. ಬಿಜಲಿಯನ್ನು ಜೋಳದ ಕೋಣೆಗೆ ಸೇರಿಸಿ ಚಿಲಕ ಹಾಕಿದ್ದೇವೆ. ಫೋನು ಮಾಡಿದ ಇಬ್ಬರಿಗೂ ಈ ಸಲ ಮರಿ ಇಲ್ಲ ಎಂದು ಹೇಳಿದೆ. ಹುಬ್ಬಳ್ಳಿಯವರು ಒಪ್ಪಿ, ಮುಂದೆ ಎಂಟು ವಾರದ ಮರಿಯನ್ನೇ ಒಯ್ಯುತ್ತೇವೆ ಎಂದರು. ಕೊಲ್ಹಾಪುರದವರು ಬೇರೆ ಕಡೆ ಸಿಗುತ್ತದೆ ಎಂದು ಫೋನು ಇಟ್ಟರು. ಕಾಕಾ ಅವರಿಗೆ ಡಾಕ್ಟರ್ ಸಾಹೇಬರ ಉತ್ತರವನ್ನು ಓದಿ ಹೇಳಿದೆ; ಸ್ವಲ್ಪ ಬೇಸರವಾದರೂ ತಿಮ್ಮಾಪುರಕ್ಕೆ ತಾವೂ ಬರುತ್ತೇನೆ ಎಂದಿದ್ದಾರೆ. ಯಜಮಾನರ ಲೆಕ್ಕ ಮಾತ್ರ ಹೀಗೆ: ನೋಂದಣಿ, ಪರೀಕ್ಷೆ, ಲಸಿಕೆ, ಮೈಕ್ರೊಚಿಪ್, ಎಂಟು ವಾರದ ಊಟ ಎಲ್ಲ ಕಳೆದರೆ ಉಳಿಯುವುದೇನು? ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ಮರಿ ಮಾಡಿಸುವುದೇ ಬೇಡವೆಂದರೆ ಬಿಜಲಿಗೆ ಏನು ಮಾಡಬೇಕು?

ಉತ್ತರ: ನಿವೃತ್ತ ಪಶುವೈದ್ಯ, ಬಾಗಲಕೋಟೆ

ಯಜಮಾನರ ಲೆಕ್ಕ ಸರಿಯಿದೆ, ಆ ಲೆಕ್ಕವನ್ನು ಮೊದಲೇ ಹಾಕಿದ್ದು ಇನ್ನೂ ಸಂತೋಷ. ಸೂಲಿನಲ್ಲಿ ಎರಡೇ ಮರಿ ಹುಟ್ಟಬಹುದು, ರಾತ್ರಿ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು. ಹೋಗದೆ ಉಳಿದ ಮರಿಗಳನ್ನು, ಸಾಕಲಾರೆವು ಎಂದು ಹಿಂದಕ್ಕೆ ತಂದ ಮರಿಯನ್ನು ನೀವೇ ಸಾಕಬೇಕು. ಇದೆಲ್ಲ ಆಗುತ್ತದೆ ಎಂದು ಮನೆಯವರೆಲ್ಲ ಒಪ್ಪಿದರೆ ಮುಂದಿನ ಬೆದೆಗೆ ಸಿದ್ಧರಾಗಿ, ನಾನು ಫೋನಿನಲ್ಲಿ ಜೊತೆಗಿರುತ್ತೇನೆ.

ಬೇಡವೆಂದರೆ ಸಂತಾನಹರಣ ಮಾಡಿಸಿ. ಮರಿ ಹಾಕದ ಹೆಣ್ಣುನಾಯಿಗೆ ಕೊರಗು ಬರುತ್ತದೆ ಎಂಬುದು ಸುಳ್ಳು. ವಯಸ್ಸಾದ ಹೆಣ್ಣುನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೆ ಬರುವ ರೋಗವೂ ಇದರಿಂದ ತಪ್ಪುತ್ತದೆ. ಬೆದೆಯಲ್ಲಿರುವಾಗ ರಕ್ತನಾಳಗಳು ಉಬ್ಬಿರುತ್ತವೆ, ಆದ್ದರಿಂದ ಈಗಲೇ ಬೇಡ. ಬೆದೆ ಮುಗಿದು ಎರಡು ಮೂರು ತಿಂಗಳಾದ ಮೇಲೆ ಮಾಡಿಸಿ. ಅಷ್ಟರಲ್ಲಿ ತಿಮ್ಮಾಪುರಕ್ಕೆ ಹೋಗುವಾಗ ಬಿಜಲಿಯ ಲಸಿಕೆ ಕಾರ್ಡ್ ಮರೆಯದೆ ಒಯ್ಯಿರಿ. ಕಾಕಾ ಅವರು ತಮ್ಮ ನಾಯಿಯದನ್ನೂ ತರಲಿ. ಎರಡೂ ನಾಯಿಗಳನ್ನು ಮೂರು ವಾರ ಮುಗಿಯುವವರೆಗೆ ಒಂದೇ ಗಾಡಿಯಲ್ಲಿ ಮಾತ್ರ ಕೂರಿಸಬೇಡಿ.